ನಮ್ಮ ರೈಲ್ವೆ ಗೇಟು ಉಳಿಸಿಕೊಂಡ ಬಗೆ

ರೈಲ್ವೆ ಗೇಟು ಮುಚ್ಚುತ್ತಾರಂತೆ ಎಂಬ ಸುದ್ದಿ ಊರಿಗೆ ಮುಟ್ಟುವುದು ಸಾಮಾನ್ಯವಾಗಿ ಅಳತೆಯವರು ಬಂದು ಹಳಿಯ ಪಕ್ಕ ಸುಣ್ಣದ ಗೆರೆ ಎಳೆದುಹೋದ ಮೇಲೆ. ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿ ಹೋಗಿದೆ, ಇನ್ನು ಕೂಗಾಡಿ ಪ್ರಯೋಜನವಿಲ್ಲ ಎಂದು ಜನ ಕೈಚೆಲ್ಲುತ್ತಾರೆ. ಹಾಗೇನೂ ಇಲ್ಲ. ಸಾರ್ವಜನಿಕ ರಸ್ತೆಯ ಮೇಲಿನ ಗೇಟನ್ನು ಶಾಶ್ವತವಾಗಿ ಮುಚ್ಚಬೇಕಾದರೆ ರೈಲ್ವೆಗೆ ರಾಜ್ಯ ಸರ್ಕಾರದ ಕಡೆಯಿಂದ, ಅಂದರೆ ಜಿಲ್ಲಾಡಳಿತದಿಂದ ಒಪ್ಪಿಗೆ ಬೇಕು. ಮೇಲ್ಸೇತುವೆ, ಕೆಳಸೇತುವೆ ಕಾಮಗಾರಿಗಳು ಎಷ್ಟೋ ಕಡೆ ವರ್ಷಗಟ್ಟಲೆ ನಿಂತಿರುವುದು ಈ ಒಪ್ಪಿಗೆ ಬಾರದೆ. ನಮ್ಮ ಹೋರಾಟ ಶುರುವಾದದ್ದೂ ಆ ಪತ್ರವನ್ನು ಹುಡುಕುವುದರಿಂದ. ಯಾರು ಕೊಟ್ಟರು, ಯಾವಾಗ ಕೊಟ್ಟರು, ಯಾವ ವರದಿಯ ಆಧಾರದ ಮೇಲೆ ಕೊಟ್ಟರು? ಊರಿನ ಹೋರಾಟ ಸಮಿತಿಯಲ್ಲಿ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೀಗಾಗಿ ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಘೋಷಣೆಗಿಂತ ಕಾಗದದ ಮಾತೇ ಹೆಚ್ಚು.

ಮೊದಲ ಸಭೆಯಲ್ಲೇ ಒಂದು ದೊಡ್ಡ ಚರ್ಚೆಯಾಯಿತು. ನಾವು ಕೇಳುವುದೇನು? 'ಗೇಟು ಮುಚ್ಚಬೇಡಿ' ಎಂದಷ್ಟೇ ಕೇಳಿದರೆ ಎದುರಿಗಿರುವ ಅಧಿಕಾರಿ ಒಂದೇ ಮಾತಿನಲ್ಲಿ ನಮ್ಮನ್ನು ಕೂರಿಸಬಲ್ಲ: ಜೀವ ಮುಖ್ಯವೋ, ನಿಮ್ಮ ಅನುಕೂಲ ಮುಖ್ಯವೋ? ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2014ರ ಜುಲೈನಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲಿ, 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಕಾವಲಿಲ್ಲದ ಗೇಟುಗಳಲ್ಲಿ ರೈಲು ಶಾಲಾ ವಾಹನಕ್ಕೆ ಬಡಿದು ಎಷ್ಟೊಂದು ಮಕ್ಕಳು ಹೋದರು. ಅನಿಲ್ ಕಾಕೋಡ್ಕರ್ ಅವರ ಸುರಕ್ಷತಾ ಪರಿಶೀಲನಾ ಸಮಿತಿ 2012ರಲ್ಲೇ ಕಾವಲಿರುವ, ಇಲ್ಲದ ಎಲ್ಲ ಗೇಟುಗಳನ್ನೂ ಐದು ವರ್ಷದೊಳಗೆ ತೆಗೆದುಹಾಕಿ ಎಂದು ಹೇಳಿತ್ತು. 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟು ಒಂದೂ ಉಳಿಯಲಿಲ್ಲ. ಈಗ ಸರದಿ ಕಾವಲಿರುವ ಗೇಟುಗಳದ್ದು. ವೇಗವಾಗಿ ಬರುವ ರೈಲು ಬ್ರೇಕ್ ಹಾಕಿದ ಮೇಲೂ ಕಿಲೋಮೀಟರ್ ಹತ್ತಿರ ಓಡುತ್ತದೆ, ಹಳಿಯ ಮೇಲೆ ಕೆಟ್ಟು ನಿಂತ ಟ್ರ್ಯಾಕ್ಟರ್‌ಗೆ ಅದು ದಾರಿ ಬಿಡಲಾರದು. ಇದೆಲ್ಲ ನಿಜ. ಆದ್ದರಿಂದ ನಮ್ಮ ಮನವಿಯ ತಲೆಬರಹವನ್ನು 'ಬಳಸಬಹುದಾದ ದಾರಿ ಕೊಟ್ಟ ಮೇಲೆ ಮುಚ್ಚಿ, ಅಲ್ಲಿಯತನಕ ಗೇಟನ್ನು ಸುರಕ್ಷಿತ ಮಾಡಿ' ಎಂದು ಇಟ್ಟೆವು. 'ಬಳಸಬಹುದಾದ' ಎಂಬ ಮಾತನ್ನು ಎಲ್ಲ ಪತ್ರಗಳಲ್ಲೂ ಹಾಗೇ ಉಳಿಸಿಕೊಂಡೆವು. ಮುಂದೆ ಎಲ್ಲ ವಾದವೂ ಅದರ ಸುತ್ತಲೇ ನಡೆಯಿತು.

ಊರಿನೊಳಗೇ ಎರಡು ಅಭಿಪ್ರಾಯ ಇದ್ದವು ಎನ್ನುವುದನ್ನೂ ಹೇಳಬೇಕು. ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಗೇಟು ಒಂದು ಪೀಡೆ. ಗೂಡ್ಸ್ ಗಾಡಿ ಹಾದುಹೋದರೂ ಎದುರಿನದೊಂದು ಬರಬೇಕು ಎಂದು ಗೇಟು ತೆಗೆಯುವುದಿಲ್ಲ. ಆಂಬ್ಯುಲೆನ್ಸ್ ನಿಂತದ್ದೂ ಉಂಟು. ಅವರಿಗೆ ಕೆಳಸೇತುವೆ ಬೇಕಿತ್ತು. ಅವರನ್ನು ಊರಿನ ವಿರೋಧಿಗಳು ಎಂದು ದೂರ ತಳ್ಳುವ ಬದಲು ಸಮಿತಿಯೊಳಗೇ ಕೂರಿಸಿಕೊಂಡೆವು. ನಮಗೂ ಕೆಳಸೇತುವೆ ಬೇಡವೇನಲ್ಲ, ಅದು ಯಾವ ಅಳತೆಯದು, ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದಷ್ಟೇ ನಮ್ಮ ಪ್ರಶ್ನೆ ಎಂದು ಅವರಿಗೆ ಅರ್ಥವಾದ ಮೇಲೆ ಅವರ ಸಹಿಗಳೂ ಬಂದವು.

ಈಗ ಲೆಕ್ಕದ ವಿಷಯ. ಗೇಟಿನ ಹಣೆಬರಹ ಬರೆಯುವುದು ಟಿವಿಯು, ಅಂದರೆ ಟ್ರೈನ್ ವೆಹಿಕಲ್ ಯೂನಿಟ್. ದಿನಕ್ಕೆ ಓಡುವ ರೈಲುಗಳ ಸಂಖ್ಯೆಯನ್ನು ದಿನಕ್ಕೆ ದಾಟುವ ವಾಹನಗಳ ಘಟಕಗಳಿಂದ ಗುಣಿಸಿದರೆ ಅದು ಸಿಗುತ್ತದೆ. 40 ರೈಲು, 500 ವಾಹನ ಎಂದಿಟ್ಟುಕೊಂಡರೆ ಟಿವಿಯು 20,000. ಕಾರು, ಲಾರಿ, ಎತ್ತಿನ ಗಾಡಿ ಒಂದೊಂದು ಘಟಕ, ಆಟೋರಿಕ್ಷಾ ಅರ್ಧ. ಟಿವಿಯು ಒಂದು ಲಕ್ಷ ದಾಟಿದರೆ ರಾಜ್ಯದ ಜೊತೆ ವೆಚ್ಚ ಹಂಚಿಕೊಂಡು ಮೇಲ್ಸೇತುವೆ ಕಟ್ಟಲು ಆ ಗೇಟು ಅರ್ಹವಾಗುತ್ತದೆ. ಸಂಖ್ಯೆ ತೀರಾ ಕಡಿಮೆಯಿದ್ದರೆ ಈ ಗೇಟಿನಲ್ಲಿ ಓಡಾಟವೇ ಇಲ್ಲ, ಮುಚ್ಚಿ ಪಕ್ಕದ ಗೇಟಿಗೆ ಸೇರಿಸಿ ಎನ್ನುತ್ತಾರೆ. ನಮ್ಮದು ಈ ಎರಡನೆಯ ಗುಂಪಿನದು.

ಈ ಲೆಕ್ಕದಲ್ಲಿ ನಡೆದು ದಾಟುವವರು ಇಲ್ಲ. ಕುರಿ, ದನ ಇಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ದಾಟುವ ಹೆಂಗಸರು ಇಲ್ಲ. ನಮ್ಮಂಥ ಊರಿನ ಗೇಟಿನಲ್ಲಿ ದಾಟುವವರಲ್ಲಿ ಹೆಚ್ಚಿನವರು ಇವರೇ. ಮನೆಗಳು ಹಳಿಯ ಈ ಕಡೆ, ಹೊಲ ಮತ್ತು ಸ್ಮಶಾನ ಆ ಕಡೆ. ರೈಲ್ವೆಯ ಗಣತಿ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಅದು ಸುಗ್ಗಿಯ ವಾರದಲ್ಲಿ ನಡೆದರೆ ಒಂದು ಸಂಖ್ಯೆ, ಬಿರುಬೇಸಿಗೆಯಲ್ಲಿ ನಡೆದರೆ ಇನ್ನೊಂದು. ಹೀಗಾಗಿ ನಾವೇ ಎಣಿಸಲು ಕುಳಿತೆವು.

ಎಣಿಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ಹೋರಾಟದಲ್ಲಿ ನಮ್ಮ ಕೈ ಹಿಡಿದದ್ದು ಇದೇ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಪಾಳಿಯ ಮೇಲೆ ಇಬ್ಬಿಬ್ಬರು, ಗೇಟಿನಿಂದ ಆಚೆ ಸಾರ್ವಜನಿಕ ರಸ್ತೆಯ ಬದಿಯಲ್ಲಿ. ಹಳಿಯ ಪಕ್ಕದ ರೈಲ್ವೆ ಜಾಗದಲ್ಲಿ ಕುಳಿತರೆ ಅತಿಕ್ರಮ ಪ್ರವೇಶ, ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಬೀಳುತ್ತದೆ. ಹಾಳೆಯಲ್ಲಿ ಟಿವಿಯುಗೆ ಲೆಕ್ಕವಾಗುವ ವಾಹನಗಳಿಗೆ ಒಂದು ಭಾಗ, ಆಗದವುಗಳಿಗೆ ಇನ್ನೊಂದು ಭಾಗ ಮಾಡಿಕೊಂಡೆವು. ಎರಡನ್ನೂ ಬೆರೆಸಿ ದೊಡ್ಡ ಸಂಖ್ಯೆ ತೋರಿಸುವ ಆಸೆ ಕೆಲವರಿಗಿತ್ತು. ಹಾಗೆ ಮಾಡಿದ್ದರೆ ಇಂಜಿನಿಯರು ಮೊದಲ ಪುಟದಲ್ಲೇ ನಮ್ಮ ಪಟ್ಟಿಯನ್ನು ಬದಿಗಿಡುತ್ತಿದ್ದರು. ಎರಡನೆಯ ಭಾಗದಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳು, ಕೋಲೂರಿ ನಡೆಯುವ ವೃದ್ಧರು, ಹೊರೆ ಹೊತ್ತವರು, ದನಕರು ಎಂದು ಬೇರೆ ಬೇರೆ ಕಲಂ. ಒಂದು ಸಲ ವಾರಪೂರ್ತಿ ಸುಗ್ಗಿಯಲ್ಲಿ, ಇನ್ನೊಂದು ಸಲ ಮಳೆಗಾಲದಲ್ಲಿ. ಪ್ರತಿ ಹಾಳೆಗೂ ಎಣಿಸಿದವರ ಸಹಿ, ಕೊನೆಗೆ ಪಿಡಿಒ ದೃಢೀಕರಣ.

ಗೇಟ್‌ಮನ್‌ನನ್ನು ಮಾತ್ರ ಇದರಿಂದ ದೂರವೇ ಇಟ್ಟೆವು. ಅವನು ಊರಿನವರೆಲ್ಲರಿಗೂ ಪರಿಚಿತ, ಕೇಳಿದ್ದರೆ ರೈಲಿನ ಸಮಯ, ಗೇಟಿನ ರಿಜಿಸ್ಟರ್ ಎಲ್ಲ ಹೇಳಿಬಿಡುತ್ತಿದ್ದ. ಆದರೆ ನೌಕರಿಯಲ್ಲಿರುವವನನ್ನು ಹೋರಾಟಕ್ಕೆ ಎಳೆದು ಅವನ ಅನ್ನಕ್ಕೆ ಕಲ್ಲು ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಬೇಕಾದ ಮಾಹಿತಿಯನ್ನೆಲ್ಲ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದೆವು. 'ಗೇಟು ಏಕೆ ಮುಚ್ಚುತ್ತೀರಿ' ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ದಾಖಲೆಯಲ್ಲ ಎನ್ನುತ್ತಾರೆ. ಗೇಟಿನ ಎಲ್‌ಸಿ (ಲೆವೆಲ್ ಕ್ರಾಸಿಂಗ್) ನಂಬರು ಬರೆದು, ಕಳೆದ ಗಣತಿಯ ಹಾಳೆಗಳ ಪ್ರತಿ, ಕೆಳಸೇತುವೆಯ ನಕ್ಷೆ, ನೀರು ಹೊರಹಾಕುವ ವ್ಯವಸ್ಥೆಯ ವಿವರ, ಜಿಲ್ಲಾಡಳಿತದ ಜೊತೆಗಿನ ಪತ್ರ ವ್ಯವಹಾರ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಜಿಲ್ಲಾಡಳಿತಕ್ಕೆ ಬೇರೆ ಅರ್ಜಿ, ರೈಲ್ವೆಗೆ ಬೇರೆ ಅರ್ಜಿ ಹಾಕಿದ್ದರಿಂದ ಒಬ್ಬರು ಕೊಡದ ಕಾಗದ ಇನ್ನೊಬ್ಬರಿಂದ ಸಿಕ್ಕಿತು.

ಒಪ್ಪಿಗೆ ಪತ್ರ ಸಿಕ್ಕಿತು. ಅದರ ಆಧಾರ ಒಂದು ಪುಟದ ವರದಿ, 'ಪರ್ಯಾಯ ರಸ್ತೆ ಲಭ್ಯವಿದೆ' ಎಂಬ ಒಂದೇ ಸಾಲು. ಆ ರಸ್ತೆ ಹಿಡಿದು ಎತ್ತಿನ ಗಾಡಿ ಹೊಲ ಮುಟ್ಟಬೇಕಾದರೆ ಎಷ್ಟು ಸುತ್ತಬೇಕು, ನಡೆಯುವವರು ಏನು ಮಾಡಬೇಕು ಎನ್ನುವುದರ ಸುದ್ದಿಯೇ ಇಲ್ಲ. ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ತಂದು ನೋಡಿದರೆ ಗೇಟಿನ ಮೂಲಕ ಹಾದುಹೋಗುವ ಬಂಡಿದಾರಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಈ ನಕ್ಷೆ ಬಹಳ ಮುಖ್ಯ. ರೈಲು ಮಾರ್ಗ ಹಾಕುವಾಗ ಅಕ್ಕಪಕ್ಕದ ಜಮೀನಿನ ಬಳಕೆಗೆ ಅಡ್ಡಿಯಾದರೆ ದಾಟುದಾರಿ, ಸೇತುವೆ ಮುಂತಾದವನ್ನು ರೈಲ್ವೆ ಮಾಡಿಕೊಡಬೇಕು ಎಂದು 1989ರ ರೈಲ್ವೆ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಹಳೆಯ ದಾರಿಯನ್ನು ಹಳಿ ಕತ್ತರಿಸಿದ್ದರಿಂದ ಗೇಟು ಬಂತು, ಯಾರೋ ದಯೆಯಿಂದ ಕೊಟ್ಟದ್ದಲ್ಲ ಎಂದು ತೋರಿಸಲು ನಕ್ಷೆಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಕೆಳಸೇತುವೆಯ ನಕ್ಷೆ ಕೈಗೆ ಬಂದಾಗ ಇನ್ನೊಂದು ವಿಷಯ ಹೊರಬಿತ್ತು. ವಿದ್ಯುದೀಕರಣವಾದ ಮಾರ್ಗದ ಗೇಟುಗಳ ಎರಡೂ ಕಡೆ ಎತ್ತರ ಮಿತಿಯ ಕಮಾನು ನಿಲ್ಲಿಸಿರುತ್ತಾರಲ್ಲ, ಅದರ ಮಿತಿ 4.67 ಮೀಟರ್. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುವುದರಿಂದ ಆ ಕಟ್ಟುಪಾಡು. ಅಂದರೆ ಈಗ ಗೇಟಿನಲ್ಲಿ ಅಷ್ಟು ಎತ್ತರದ ಹೇರು ದಾಟಬಹುದು. ಬದಲಿಗೆ ಕೊಡಲು ಹೊರಟದ್ದು ಕಡಿಮೆ ಎತ್ತರದ ಕೆಳಸೇತುವೆ. ಹುಲ್ಲು ಹೇರಿದ ಟ್ರ್ಯಾಕ್ಟರ್, ಕಬ್ಬಿನ ಲೋಡು, ಕೊಯ್ಲು ಯಂತ್ರ ಅದರೊಳಗೆ ಹೋಗುವಂತಿರಲಿಲ್ಲ. ಸುತ್ತಲಿನ ಹೊಲಕ್ಕಿಂತ ಕೆಳಗೆ ತೋಡುವುದರಿಂದ ಮಳೆನೀರು ಅಲ್ಲಿಗೇ ಇಳಿಯುತ್ತದೆ. ಪಂಪು ಇಡುತ್ತೇವೆ ಎಂದು ನಕ್ಷೆಯ ಜೊತೆಗಿನ ಟಿಪ್ಪಣಿಯಲ್ಲಿತ್ತು. ಪಂಪಿನ ಕರೆಂಟ್ ಬಿಲ್ ಯಾರು ಕಟ್ಟಬೇಕು, ಕೆಟ್ಟರೆ ಯಾರು ಬರಬೇಕು ಎಂದು ಎಲ್ಲೂ ಇರಲಿಲ್ಲ.

ಹುಡುಗರಿಗೆ ಈ ಕಾಗದದ ಓಡಾಟ ಸಾಕೆನಿಸಿ, ರೈಲು ತಡೆದರೆ ಒಂದೇ ದಿನದಲ್ಲಿ ಎಲ್ಲರೂ ಓಡಿಬರುತ್ತಾರೆ ಎಂದರು. ಕಾಯ್ದೆಯ 174ನೇ ಸೆಕ್ಷನ್ ಓದಿ ಹೇಳಿದೆ: ಹಳಿಯ ಮೇಲೆ ಕುಳಿತು ರೈಲು ತಡೆದರೆ ಎರಡು ವರ್ಷದವರೆಗೆ ಜೈಲು. ಮುಚ್ಚಿದ ಗೇಟನ್ನು ಮುರಿದರೆ 160ನೇ ಸೆಕ್ಷನ್, ಅದರಲ್ಲಿ ಐದು ವರ್ಷದವರೆಗೆ. ಸರ್ಕಾರಿ ನೌಕರಿಗೆ ಓದುತ್ತಿದ್ದ ಹುಡುಗರೇ ಮುಂದೆ ನಿಂತಿದ್ದರು. ಅವರ ಮೇಲೆ ಕೇಸು ಬಿದ್ದರೆ ಗೇಟು ಉಳಿದರೂ ಊರಿಗೆ ನಷ್ಟವೇ. ನಮಗೆ ಬೇಕಾದ ಒಪ್ಪಿಗೆಯ ಕಡತ ಇದ್ದದ್ದು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಹಾಗಾಗಿ ಧರಣಿಯನ್ನು ಅದರ ಮುಂದೆಯೇ, ಪೊಲೀಸರ ಅನುಮತಿ ಪಡೆದು ಮಾಡಿದೆವು.

ಅದೇ ಸಮಯದಲ್ಲಿ, 2025ರ ಜುಲೈ 8ರಂದು, ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಕಾವಲಿರುವ ಗೇಟಿನಲ್ಲೇ ರೈಲು ಶಾಲಾ ವ್ಯಾನಿಗೆ ಬಡಿದು ಮೂವರು ವಿದ್ಯಾರ್ಥಿಗಳು ಸತ್ತರು. ಮರುದಿನ ನಮ್ಮ ಸಭೆಯಲ್ಲಿ ತಾಯಂದಿರು ಎದ್ದು ನಿಂತು, ಮುಚ್ಚಿದರೆ ಮುಚ್ಚಲಿ ಬಿಡಿ ಎಂದರು. ನನ್ನ ಬಾಯಿ ಕಟ್ಟಿತು. ಸೆಮ್ಮಂಕುಪ್ಪಂನ ಆ ಗೇಟು ಇಂಟರ್‌ಲಾಕ್ ಆಗಿರಲಿಲ್ಲ. ಇಂಟರ್‌ಲಾಕ್ ಇದ್ದರೆ ಗೇಟು ಮುಚ್ಚಿ ಬೀಗ ಬೀಳುವತನಕ ರೈಲಿಗೆ ಮುಂದುವರಿಯುವ ಸಿಗ್ನಲ್ಲೇ ಸಿಗುವುದಿಲ್ಲ. ಇಲ್ಲದಿದ್ದರೆ ಸ್ಟೇಷನ್ನಿನಿಂದ ಬರುವ ಫೋನು ಮತ್ತು ಗೇಟ್‌ಮನ್‌ನ ಎಚ್ಚರ, ಅಷ್ಟೇ ಆಧಾರ. ಆ ದುರಂತದ ನಂತರ ಗೇಟುಗಳಿಗೆಲ್ಲ ಸಿಸಿಟಿವಿ ಹಾಕಬೇಕೆಂದೂ, ಇಂಟರ್‌ಲಾಕ್ ಮಾಡಲು ಬೇಕಾದ ಟಿವಿಯು ಮಿತಿಯನ್ನು 20,000ದಿಂದ 10,000ಕ್ಕೆ ಇಳಿಸಬೇಕೆಂದೂ ರೈಲ್ವೆ ಸಚಿವರು ಸೂಚಿಸಿದರು. ನಮ್ಮ ಸುಗ್ಗಿಯ ಎಣಿಕೆ ಆ ಹೊಸ ಮಿತಿಗಿಂತ ಮೇಲಿತ್ತು. ಅಂದಿನಿಂದ ಮನವಿಯ ಎರಡನೆಯ ಬೇಡಿಕೆಯನ್ನು ಮೊದಲನೆಯದಾಗಿ ಮಾಡಿದೆವು: ಮೊದಲು ಇಂಟರ್‌ಲಾಕ್ ಮಾಡಿ. ತಾಯಂದಿರೇ ಆ ಪತ್ರ ಹಿಡಿದು ಮುಂದೆ ಬಂದರು.

ಗ್ರಾಮಸಭೆಯ ನಿರ್ಣಯ, ಎಣಿಕೆಯ ಹಾಳೆ, ಗ್ರಾಮ ನಕ್ಷೆ, ಎತ್ತರದ ಲೆಕ್ಕ ಇಷ್ಟನ್ನು ಸಂಸದರ ಕಚೇರಿಗೂ, ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಯ ಸದಸ್ಯರಿಗೂ ಕೊಟ್ಟೆವು. ಆದರೆ ಕೆಲಸವಾದದ್ದು ಜಂಟಿ ಸ್ಥಳ ಪರಿಶೀಲನೆಯಲ್ಲಿ. ಅದನ್ನು ಮಳೆಗಾಲದಲ್ಲೇ ಮಾಡಬೇಕು ಎಂದು ಪಟ್ಟು ಹಿಡಿದದ್ದು ಸಾರ್ಥಕವಾಯಿತು. ತಹಶೀಲ್ದಾರರು, ಲೋಕೋಪಯೋಗಿ ಇಲಾಖೆಯವರು, ರೈಲ್ವೆ ಇಂಜಿನಿಯರು ಎಲ್ಲರನ್ನೂ ಮೊದಲು ಹತ್ತಿರದ ಇನ್ನೊಂದು ಕೆಳಸೇತುವೆಗೆ ಕರೆದೊಯ್ದೆವು. ಒಳಗೆ ಮೊಣಕಾಲು ಮುಳುಗುವಷ್ಟು ನೀರು ನಿಂತಿತ್ತು.

"ನೋಡ್ರೀ, ನಾವು ಮುಚ್ತಿರೋದು ನಿಮ್ಮ ಜೀವ ಉಳೀಲಿ ಅಂತಾನೇ," ಎಂದರು ಇಂಜಿನಿಯರು. ಆ ಮಾತಿನಲ್ಲಿ ಕಪಟವಿರಲಿಲ್ಲ.

ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು ಹೇಳಿದರು: "ಗೊತ್ತು ಸ್ವಾಮಿ. ಆದ್ರೆ ಈ ಗುಂಡಿ ತುಂಬಿದ್ ದಿವ್ಸ ನಮ್ಮೋರು ಹೊಲಕ್ಕೋಗೋದು ಬಿಡಲ್ಲ. ಗೇಟ್ ಇಲ್ಲ ಅಂತ ಅಲ್ಲೇ ಎಲ್ಲಾದ್ರೂ ಹಳಿ ಹತ್ತಿ ದಾಟ್ತಾರೆ. ಅವಾಗ ನೋಡ್ಕೊಳ್ಳೋಕೆ ಗೇಟ್‌ಮನ್ನೂ ಇರಲ್ವಲ್ಲ."

ನಾವು ಪುಟಗಟ್ಟಲೆ ಬರೆದಿದ್ದರಲ್ಲಿ ಈ ಮಾತು ಇರಲಿಲ್ಲ. ಗೇಟು ಮುಚ್ಚಿದರೆ ದಾಟುವುದು ನಿಲ್ಲುವುದಿಲ್ಲ, ಕಾವಲಿಲ್ಲದ ಕಡೆಗೆ ಹೋಗುತ್ತದೆ. ಪರಿಶೀಲನೆಯ ನಡಾವಳಿಯಲ್ಲಿ ಅದನ್ನು ಬರೆಸಿದೆವು. ನಡಾವಳಿಯ ಪ್ರತಿಯನ್ನು ಎಲ್ಲರ ಸಹಿಯೊಂದಿಗೆ ಅದೇ ವಾರ ಪಡೆಯುವುದು ಅಗತ್ಯ, ತಡಮಾಡಿದರೆ ಆಡಿದ ಮಾತು ಒಂದು, ಬರೆದದ್ದು ಇನ್ನೊಂದಾಗುತ್ತದೆ.

ಜಿಲ್ಲಾಡಳಿತ ಹಳೆಯ ಒಪ್ಪಿಗೆಯನ್ನು ಹಿಂಪಡೆದು ಷರತ್ತಿನ ಪತ್ರ ಕೊಟ್ಟಿತು. ಈಗ ಗೇಟಿನಲ್ಲಿ ಓಡಾಡುವ ಹೇರು ದಾಟುವಷ್ಟು ಎತ್ತರ, ನೀರು ತಾನಾಗಿ ಹರಿದುಹೋಗಲು ಹತ್ತಿರದ ಹಳ್ಳಕ್ಕೆ ಕಾಲುವೆ, ನಡೆಯುವವರಿಗೆ ಬೇರೆಯೇ ಎತ್ತರಿಸಿದ ದಾರಿ, ಒಂದು ಮಳೆಗಾಲ ಕೆಳಸೇತುವೆ ಬಳಸಿ ನೋಡಿದ ಮೇಲೆ ಮಾತ್ರ ಗೇಟು ಮುಚ್ಚುವ ವಿಚಾರ. ಹಳ್ಳಕ್ಕೆ ಕಾಲುವೆ ತೆಗೆಯಲು ಇಬ್ಬರು ರೈತರ ಜಮೀನು ಬೇಕಾಗುತ್ತದೆ, ಅವರ ಜೊತೆ ಮಾತುಕತೆ ಇನ್ನೂ ನಡೆದಿದೆ. ಇಂಟರ್‌ಲಾಕಿಂಗ್ ಪ್ರಸ್ತಾವ ವಿಭಾಗೀಯ ಕಚೇರಿಯಲ್ಲಿದೆ. ಮುಂದಿನ ರೈಲ್ವೆ ಗಣತಿ ಯಾವ ತಿಂಗಳು ಎಂದು ಕೇಳಿ ಅರ್ಜಿ ಹಾಕಿದ್ದೇವೆ. ಅವರು ಎಣಿಸುವ ವಾರವೇ ನಮ್ಮವರೂ ಹಾಳೆ ಹಿಡಿದು ರಸ್ತೆಬದಿಯಲ್ಲಿ ಕೂರಲು ಪಾಳಿಯ ಪಟ್ಟಿ ತಯಾರಾಗಿದೆ. ನಮ್ಮ ಹಾಗೇ ಗೇಟು ಕಳೆದುಕೊಳ್ಳುವ ಭಯದಲ್ಲಿರುವ ಊರಿನವರು ಯಾರಾದರೂ ಇದ್ದರೆ, ಮೊದಲ ಅರ್ಜಿಯನ್ನು ಒಪ್ಪಿಗೆ ಪತ್ರದ ಪ್ರತಿಗಾಗಿ ಜಿಲ್ಲಾಧಿಕಾರಿ ಕಚೇರಿಗೆ ಹಾಕಿ, ಎಣಿಕೆಯನ್ನು ಅದೇ ವಾರ ಶುರುಮಾಡಿ.