ತೆರೆದ ಕಾರು, ಇಳಕಲ್ ಸೆರಗು

ಹಳೆಯ ಸ್ಪೋರ್ಟ್ಸ್ ಕಾರು ಕೈಗೆ ಬಂದೊಡನೆ ಜನ ಮೊದಲು ಓಡುವುದು ಬಣ್ಣ ಹೊಡೆಯುವವರ ಬಳಿಗೆ. ಅರವತ್ತು ದಾಟಿದ ಮೇಲೆ ಉಡುಗೆ ತೊಡುಗೆ ಬದಲಿಸಬೇಕು ಎನ್ನಿಸಿದವರು ಮೊದಲು ಹೋಗುವುದು ಹೊಸ ಬಟ್ಟೆಯ ಅಂಗಡಿಗೆ. ಇಬ್ಬರಿಗೂ ನಾನು ಹೇಳುವುದು ಒಂದೇ: ಕಣ್ಣಿಗೆ ಕಾಣದ್ದನ್ನು ಮೊದಲು ಸರಿಪಡಿಸಿ, ಕಾಣುವುದಕ್ಕೆ ಆಮೇಲೆ ಕೈ ಹಾಕಿ. ಬ್ರೇಕು ಹಿಡಿಯದ ಕಾರಿಗೆ ಕೆಂಪು ಬಣ್ಣ ಬಳಿದು ಏನು ಬಂತು? ಭುಜದಲ್ಲಿ ಜೋತು ಬೀಳುವ ಕುಪ್ಪಸದ ಮೇಲೆ ಎಷ್ಟು ಬೆಲೆಯ ಸೀರೆ ಉಟ್ಟರೂ ನಿಲುವು ಬರುವುದಿಲ್ಲ. ಧಾರವಾಡದಲ್ಲಿ ಇದ್ದುಕೊಂಡು ಎರಡು ಆಸನದ ತೆರೆದ ಕಾರನ್ನು ಸ್ವತಃ ಓಡಿಸುತ್ತ, ಇಳಕಲ್ ಸೀರೆಯನ್ನೇ ಉಡುತ್ತ ಬಂದವಳು ನಾನು. ಕೇಳಿದ ತಂಗಿಯರಿಗೂ ತಮ್ಮಂದಿರಿಗೂ ಹೇಳುತ್ತ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ನಮ್ಮ ನೆರೆಯ ಗೋವಾದಲ್ಲಿ ತಯಾರಾಗತೊಡಗಿದ ಕಾರು. ಬಟ್ಟೆಯ ಮಡಚುವ ಟಾಪು, ಫೈಬರ್‌ಗ್ಲಾಸ್ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್. ಇಂಥ ಕಾರಿನ ಮೈಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಅದೇ ನಂಬಿಕೆಯಲ್ಲಿ ಅಡಿಯ ಉಕ್ಕಿನ ಚೌಕಟ್ಟನ್ನು ಮರೆತುಬಿಡುತ್ತಾರೆ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಚೌಕಟ್ಟಿನ ಸಂದಿಯಲ್ಲಿ ಕೂತರೆ ಬಿಡುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಕಾರನ್ನು ಮೇಲೆತ್ತಿಸಿ ಅಡಿಭಾಗವನ್ನು ನೀರಿನ ಒತ್ತಡದಿಂದ ತೊಳೆಸಿರಿ. ಒಣಗಿದ ಮೇಲೆ ಸ್ಕ್ರೂಡ್ರೈವರ್‌ನ ಹಿಡಿಕೆಯಿಂದ ಚೌಕಟ್ಟಿನ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತಿಂದುಹೋದ ಜಾಗ ಮಂಕಾಗಿ ಸದ್ದು ಮಾಡುತ್ತದೆ, ಪದರು ಉದುರುತ್ತದೆ. ಅಲ್ಲಿ ಬೆಸುಗೆಯ ಕೆಲಸ ಮಾಡಿಸಿಯೇ ಮುಂದಿನ ಮಾತು. ಕಪ್ಪು ಬಣ್ಣ ಬಳಿದು ಮುಚ್ಚಲು ಮುಂದಾಗುವ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ಫೈಬರ್ ಮೈಯ ಕಾರಿಗೆ ಇನ್ನೊಂದು ವಿಶೇಷ ಉಂಟು. ಉಕ್ಕಿನ ಮೈಯಾದರೆ ವಿದ್ಯುತ್ತು ಮರಳುವ ದಾರಿ ಆ ಮೈಯೇ. ಫೈಬರ್‌ನಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಹಾಗಾಗಿ ಪ್ರತಿ ದೀಪಕ್ಕೂ ಬೇರೆಯದೇ ಅರ್ಥ್ ತಂತಿ ಚೌಕಟ್ಟಿನವರೆಗೆ ಹೋಗುತ್ತದೆ. ಆ ತಂತಿಯ ತುದಿ ಹಸಿರುಗಟ್ಟಿದರೆ ವಿಚಿತ್ರ ಲಕ್ಷಣಗಳು ಶುರುವಾಗುತ್ತವೆ: ಎಡಗಡೆಯ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಹೆಡ್‌ಲೈಟು ಮಂಕಾಗುತ್ತದೆ. ಮಿಸ್ತ್ರಿಗಳು ಬಲ್ಬು ಬದಲಿಸುತ್ತಾರೆ, ಸ್ವಿಚ್ಚು ಬದಲಿಸುತ್ತಾರೆ, ಕೊನೆಗೆ ವೈರಿಂಗನ್ನೇ ಬದಲಿಸಲು ಹೊರಡುತ್ತಾರೆ. ತಡೆಯಿರಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು, ದೀಪದ ಹಿಂದಿನಿಂದ ಹೊರಡುವ ಅರ್ಥ್ ತಂತಿಯನ್ನು ಬೆರಳಿನಿಂದಲೇ ಹಿಂಬಾಲಿಸುತ್ತ ಚೌಕಟ್ಟಿಗೆ ಸೇರುವ ಬೋಲ್ಟಿನವರೆಗೆ ಹೋಗಿ. ಬೋಲ್ಟು ಬಿಚ್ಚಿ, ತಂತಿಯ ಬಳೆಯನ್ನೂ ಅದು ಕೂರುವ ಉಕ್ಕನ್ನೂ ಎಮರಿ ಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಮತ್ತೆ ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಒಂದು ಪಾನಾ, ಒಂದು ತುಂಡು ಕಾಗದ ಇದ್ದರೆ ಸಾಕು. ಮನೆಯ ಹೆಣ್ಣುಮಕ್ಕಳು ಈ ಕೆಲಸ ಕಲಿತರೆ ನನಗೆ ಬಹಳ ಸಂತೋಷ.

ಟಾಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತೆರೆದ ಕಾರಿನಲ್ಲಿ ಹೆಚ್ಚು ಹಾಳಾಗುವುದು ಇದೇ. ಒದ್ದೆಯಾದ ಟಾಪನ್ನು ಎಂದೂ ಮಡಚಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೆನೆದ ಬಟ್ಟೆಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುವುದಷ್ಟೇ ಅಲ್ಲ, ಹೊಲಿಗೆಯ ದಾರವೂ ಕೊಳೆಯುತ್ತದೆ. ಹುಬ್ಬಳ್ಳಿಯ ಕಡೆ ಸಮಸ್ಯೆ ಬೇರೆ, ಅಲ್ಲಿ ಧೂಳು. ನೀರು ಹಾಕುವ ಮುಂಚೆ ಮೃದುವಾದ ಬ್ರಷ್ಷಿನಿಂದ ನೇಯ್ಗೆಯ ದಿಕ್ಕಿನಲ್ಲಿ ಧೂಳು ಕೊಡವಬೇಕು, ಇಲ್ಲದಿದ್ದರೆ ಅದು ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ. ಹಿಂದಿನ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಿಂದ ಒರೆಸುವವರನ್ನು ಕಂಡರೆ ನನ್ನ ಜೀವ ಹಾರುತ್ತದೆ. ಅದರ ಮೇಲೆ ಮೊದಲು ಧಾರಾಳವಾಗಿ ನೀರು ಸುರಿಯಬೇಕು, ಆಮೇಲೆ ಹಳೆಯ ಧೋತರದ ತುಂಡಿನಿಂದ ಒತ್ತಿ ನೀರು ಹೀರಬೇಕು, ತಿಕ್ಕಬಾರದು. ಟಾಪು ಇಳಿಸುವಾಗ ಆ ಕಿಟಕಿಯ ಮಡಿಕೆಯ ನಡುವೆ ಒಂದು ಮೆತ್ತನೆಯ ಹತ್ತಿಯ ಬಟ್ಟೆ ಇಡಿ. ಚಳಿಗಾಲದ ಬೆಳಗಿನಲ್ಲಿ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಬಿಸಿಲಿಗೆ ಸ್ವಲ್ಪ ಮೆತ್ತಗಾದ ಮೇಲೆ ಮಡಚಿ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ. ಬೋಲ್ಟಿಗೆ ಹೇಳಿದ ವ್ಯಾಸಲೀನೂ ಇಲ್ಲಿ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ.

ಕಾರಿನೊಳಗೆ ಹರಿಯುವ ದ್ರವಗಳಿಗೆ ಕಿಲೋಮೀಟರ್ ಲೆಕ್ಕಕ್ಕಿಂತ ವರ್ಷದ ಲೆಕ್ಕ ಮುಖ್ಯ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಪೆಡಲ್ ಹತ್ತಿಯಂತೆ ಒಳಗೆ ಹೋಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಕಾರು ಓಡಿರಲಿ ಬಿಡಲಿ. ತುಂಬುವಾಗ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ, ಅದು ಬಣ್ಣವನ್ನು ತಿನ್ನುತ್ತದೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಗದಗ ಕಡೆ ಈಗಲೂ ಇದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಎಂಜಿನ್ನಿನೊಳಗೂ ಪೊರೆ ಕಟ್ಟಿಯೇ ಕಟ್ಟುತ್ತದೆ, ಆದ್ದರಿಂದ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ ಹಾಕಿ. ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದಂತೆ ತಿರುಗಿಸುವ ಟೈಮಿಂಗ್ ಬೆಲ್ಟನ್ನು ಹಿಂದಿನ ಮಾಲೀಕರು ಯಾವಾಗ ಬದಲಿಸಿದರೆಂದು ಬರಹದಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ಪೆಟ್ರೋಲಿನ ಬಗ್ಗೆ ಈಗ ವಿಶೇಷ ಎಚ್ಚರ ಬೇಕು. ಇಂದು ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಆ ಕಾಲದ ರಬ್ಬರ್ ಪೈಪುಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ಅವು ಮೆತ್ತಗಾಗುತ್ತವೆ, ಬಿರಿಯುತ್ತವೆ, ಕೊನೆಗೆ ಬಿಸಿ ಎಂಜಿನ್ನಿನ ಪಕ್ಕದಲ್ಲಿ ಜಿನುಗುತ್ತವೆ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಎಲ್ಲ ಇಂಧನದ ಪೈಪುಗಳನ್ನೂ ಒಂದೇ ಸಲ ಬದಲಿಸಿ. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ನಿಗೆ ಮೈಮೇಲೆ ಆರ್9 ಎಂದು ಅಚ್ಚಾಗಿರುವ ಪೈಪನ್ನೇ ಕೇಳಿ, ಕಾರ್ಬ್ಯುರೇಟರ್ ಪೈಪು ಆ ಒತ್ತಡವನ್ನು ತಾಳುವುದಿಲ್ಲ. ಇಡೀ ಕಾರಿನಲ್ಲಿ ಒಂದೇ ಕೆಲಸಕ್ಕೆ ದುಡ್ಡಿದೆ ಎಂದರೆ ಇದಕ್ಕೆ ಖರ್ಚು ಮಾಡಿ.

ನಿಲ್ಲಿಸಿದ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿದರೆ ಆಯಿತು ಎಂದುಕೊಳ್ಳುತ್ತಾರೆ. ಅದರಿಂದ ಆಗುವುದು ಹಾನಿಯೇ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ಕೂಡಿದ ನೀರಹನಿ ಆಯಿಲ್‌ನಲ್ಲಿಯೂ ಸೈಲೆನ್ಸರ್‌ನಲ್ಲಿಯೂ ಉಳಿಯುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ. ಧಾರವಾಡದವರಿಗೆ ಕಲಘಟಗಿಯ ದಾರಿ ಬೆಳಗಿನ ಹೊತ್ತಿಗೆ ಒಳ್ಳೆಯದು. ಬೈಪಾಸಿನಲ್ಲಿ ಲಾರಿಗಳ ನಡುವೆ ತಗ್ಗಿನ ಕಾರು ಕಾಣಿಸುವುದೇ ಇಲ್ಲ. ಟೈರು ಹೊಸದರಂತೆ ಕಂಡರೂ ಅದರ ಬದಿಯ ಅಂಕಿ ಓದಿ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಹತ್ತು ವರ್ಷ ಮೀರಿದ್ದನ್ನು ಅದರ ಮೇಲಿನ ಗೀರು ಎಷ್ಟೇ ಆಳವಿದ್ದರೂ ತೆಗೆಸಿಹಾಕಿ. ಕಾರು ನಿಲ್ಲುವ ಜಾಗದಲ್ಲಿ ಜೋಳದ ಚೀಲ, ಶೇಂಗಾ ಚೀಲ ಇಡಬೇಡಿ. ಅವಕ್ಕೆ ಬಂದ ಇಲಿ ವೈರನ್ನೂ ಕಡಿಯದೆ ಬಿಡುವುದಿಲ್ಲ. ತಾಡಪತ್ರಿ ಹೊದಿಸಬೇಡಿ, ಒಳಗೆ ಬೆವರುತ್ತದೆ. ಗಾಳಿಯಾಡುವ ಹತ್ತಿಯ ಹೊದಿಕೆ ಸಾಕು.

ಕಾಗದಪತ್ರದ್ದು ಎರಡೇ ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ಮೀರಿದ ವಾಹನಕ್ಕೆ ಮಾತ್ರ ಅನ್ವಯಿಸುತ್ತದೆ. ಹಳೆಯ ಕಾರು ಎಂದ ಮಾತ್ರಕ್ಕೆ ಆ ಸೌಲಭ್ಯ ಸಿಗದು.

ಬಿಡಿಭಾಗ ಸಿಗುವುದಿಲ್ಲ ಎಂದು ಕೈ ಚೆಲ್ಲಬೇಡಿ. ಬಿಚ್ಚಿದ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಇಡಿ. ಹುಬ್ಬಳ್ಳಿಗೆ ಹೋಗುವಾಗ ಅದನ್ನೇ ಜೊತೆಗೆ ಒಯ್ಯಿರಿ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ಲೇತ್ ಕೆಲಸದವರು ಕೈಯಲ್ಲಿ ಹಿಡಿದು ನೋಡಿ ಬುಶ್ಶನ್ನು, ಅಂದರೆ ಕೀಲಿನ ಒಳಗೆ ಕೂರುವ ಬಳೆಯನ್ನು, ಕಡೆದುಕೊಡುತ್ತಾರೆ, ಬಾಯಿಮಾತಿನ ವರ್ಣನೆಯಿಂದ ಅದು ಆಗದು. ಇಂಥ ಕೈಗಳು ನಮ್ಮೂರಿನಲ್ಲಿ ಇರುವುದು ನಮ್ಮ ಭಾಗ್ಯ. ಚೌಕಾಸಿ ಮಾಡಬೇಡಿ.

ಇನ್ನು ಉಡುಗೆ. ಪೆಟ್ಟಿಗೆಯಲ್ಲಿ ಇರುವುದನ್ನೆಲ್ಲ ಹಾಸಿಗೆಯ ಮೇಲೆ ಹರಡಿ, ಹೊಸದು ಕೊಳ್ಳುವ ಮಾತು ಅಲ್ಲಿಯವರೆಗೆ ಬೇಡ. ವಯಸ್ಸಾದಂತೆ ಮೈ ಬದಲಾಗುತ್ತದೆ: ಭುಜ ಸ್ವಲ್ಪ ಮುಂದೆ ಬಾಗುತ್ತದೆ, ನಡು ದಪ್ಪವಾಗುತ್ತದೆ. ಹತ್ತು ವರ್ಷದ ಹಿಂದಿನ ಅಳತೆಯ ಕುಪ್ಪಸವೇ ನಿಮ್ಮನ್ನು ಮುದಿಯಾಗಿ ತೋರಿಸುತ್ತಿರುವುದು, ಸೀರೆಯಲ್ಲ. ಒಂದು ಖಣದ ಕುಪ್ಪಸವನ್ನು ಹೊಸ ಅಳತೆಗೆ ಹೊಲಿಸಿ, ಭುಜದ ಹೊಲಿಗೆ ಭುಜದ ಎಲುಬಿನ ತುದಿಗೆ ಸರಿಯಾಗಿ ಕೂರುವಂತೆ ನೋಡಿಕೊಳ್ಳಿ. ಆಮೇಲೆ ಹಳೆಯ ಇಳಕಲ್ಲನ್ನೇ ಉಟ್ಟು ಕನ್ನಡಿಯ ಮುಂದೆ ನಿಂತು ನೋಡಿ. ಇಳಕಲ್ಲಿನಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ಆ ಜೋಡಣೆಯ ಸಾಲನ್ನು ಪರೀಕ್ಷಿಸಿ. ಅಲ್ಲಿ ಸಡಿಲವಾಗಿದ್ದರೆ ಹಿಂದಿನಿಂದ ತೆಳುವಾದ ಹತ್ತಿಯ ಪಟ್ಟಿ ಕೊಟ್ಟು ಹೊಲಿಸಿ. ಒಡಲು ಪೂರ್ತಿ ಜೀರ್ಣವಾಗಿ ಸೆರಗು ಗಟ್ಟಿಯಾಗಿದ್ದರೆ ಆ ಕೆಂಪು ಸೆರಗನ್ನು ತೋಳಿಲ್ಲದ ಜಾಕೀಟು ಮಾಡಿಸಿ, ಬಿಳಿ ತೆನೆಗಳ ಸಾಲು ಬೆನ್ನಿನ ಮೇಲೆ ಬರಲಿ. ಕಸೂತಿ ಬಲ್ಲವರಾದರೆ ಕಾಲರಿನ ಅಂಚಿಗೆ ಒಂದು ಎಳೆ ಗವಂತಿ ಸಾಕು. ಗವಂತಿ ಮತ್ತು ಮುರ್ಗಿ ಹೊಲಿಗೆ ಗಂಟಿಲ್ಲದೆ ಎರಡೂ ಬದಿಗೆ ಒಂದೇ ತೆರನಾಗಿ ಕಾಣುವುದರಿಂದ ಕಾಲರು ಮಗುಚಿದರೂ ಚೆಂದ. ಗಂಡಸರಿಗೆ ನನ್ನ ಸಲಹೆ: ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಕೊಳ್ಳಿ, ಹೊಲಿಸುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕುಗ್ಗುವುದೆಲ್ಲ ಕುಗ್ಗಿದ ಮೇಲೆ ದರ್ಜಿಗೆ ಕೊಡಿ. ಎದೆಯ ಮೇಲೆ ದೊಡ್ಡ ಅಕ್ಷರದ ಅಂಗಿಗಳು ನಮ್ಮ ವಯಸ್ಸಿಗೆ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ತೆರೆದ ಕಾರಿನಲ್ಲಿ ಸೆರಗು ಹಾರುವುದು ಚೆಂದ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನರ್ತಕಿ ಇಸಡೋರಾ ಡಂಕನ್ ತೀರಿಕೊಂಡದ್ದು ಹೀಗೆಯೇ: ತೆರೆದ ಕಾರಿನಲ್ಲಿ ಹೊರಟಾಗ ಆಕೆಯ ಉದ್ದನೆಯ ಸ್ಕಾರ್ಫ್ ಚಕ್ರಕ್ಕೆ ಸುತ್ತಿಕೊಂಡಿತು. ಸೆರಗನ್ನು ಬೆನ್ನ ಹಿಂದಿನಿಂದ ತಂದು ನಡುವಿಗೆ ಗಟ್ಟಿಯಾಗಿ ಸಿಕ್ಕಿಸಿಕೊಳ್ಳಿ. ತಲೆಗೆ ಕಟ್ಟುವ ಬಟ್ಟೆ ಗಲ್ಲದ ಕೆಳಗೆ ಗಂಟು ಹಾಕುವಷ್ಟೇ ಉದ್ದವಿರಲಿ. ಸೆರಗಿನ ಪಿನ್ನು ಸೀಟ್‌ಬೆಲ್ಟ್ ಹಾಯುವ ದಾರಿಯಲ್ಲಿ ಇರಬಾರದು, ಜೋರಾಗಿ ಬ್ರೇಕ್ ಹಾಕಿದಾಗ ಅದು ಮೈಗೆ ಚುಚ್ಚುತ್ತದೆ. ಹಿಮ್ಮಡಿಗೆ ಪಟ್ಟಿ ಇಲ್ಲದ ಚಪ್ಪಲಿ ಹಾಕಿಕೊಂಡು ಪೆಡಲ್ ಮುಟ್ಟಬೇಡಿ. ತೆಳು ಅಟ್ಟೆಯ ಬೂಟೋ ಪಟ್ಟಿಯ ಸ್ಯಾಂಡಲ್ಲೋ ಆಗಲಿ. ಬಾಗಿಲು ಹಾಕುವ ಮುಂಚೆ ಅಂಚನ್ನು ಒಳಗೆ ಎಳೆದುಕೊಳ್ಳಿ, ಬಾಗಿಲಿನ ಕೀಲಿನ ಗ್ರೀಸು ಸೀರೆಗೆ ಮೆತ್ತುವುದು ಆಗಲೇ.

ಗ್ರೀಸು ಮೆತ್ತಿಯೇ ಬಿಟ್ಟರೆ ಮೊದಲೇ ನೀರು ಮುಟ್ಟಿಸಬೇಡಿ. ಕಲೆಯ ಮೇಲೆ ಮೈದಾ ಇಲ್ಲವೆ ಪೌಡರ್ ದಪ್ಪವಾಗಿ ಉದುರಿಸಿ ಒಂದು ತಾಸು ಬಿಡಿ, ಕೊಡವಿ, ಪಾತ್ರೆ ತೊಳೆಯುವ ದ್ರವ ಹಚ್ಚಿ ಬೆರಳಿನಿಂದ ಮೆಲ್ಲಗೆ ಒತ್ತಿ ತೊಳೆಯಿರಿ. ರೇಷ್ಮೆಯ ಸೆರಗಿಗಾದರೆ ಪೌಡರ್ ಮಟ್ಟಕ್ಕೆ ನಿಲ್ಲಿಸಿ ಡ್ರೈಕ್ಲೀನಿಂಗಿಗೆ ಕೊಡಿ. ಕೈಗೆ ಕಡಲೆ ಹಿಟ್ಟೇ ಸಾಕು.

ಕಾರೂ ಸೀರೆಯೂ ಒಟ್ಟಿಗೆ ಸಿಂಗಾರಗೊಳ್ಳುವ ದಿನ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಅಂದು ಕುಂಕುಮವನ್ನು ಗಾಜಿಗೆ ಹಚ್ಚಿ, ಬಟ್ಟೆಯ ಟಾಪಿಗೆ ಬೇಡ, ಅಲ್ಲಿ ಹತ್ತಿದ ಕೆಂಪು ಹೋಗುವುದಿಲ್ಲ. ಚೆಂಡುಹೂವಿನ ಮಾಲೆ ರೇಡಿಯೇಟರಿನ ಜಾಲರಿಯನ್ನು ಮುಚ್ಚದಿರಲಿ, ಓಡಿಸುವ ಮುಂಚೆ ಬಿಚ್ಚಿಡಿ. ಚಕ್ರದ ಕೆಳಗೆ ಒಡೆದ ನಿಂಬೆಯ ರಸ ಸಿಡಿದ ಕಡೆ ಅದೇ ದಿನ ನೀರು ಹಾಕಿ. ಬಾಳೆಕಂಬ ಕಟ್ಟುವ ಕೆಲಸವನ್ನು ಹಳೆಯ ಸೀರೆ ಉಟ್ಟೇ ಮುಗಿಸಿ. ಬಾಳೆಯ ಸೊನೆಯ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ. ಇಳಕಲ್ಲನ್ನು ಕೈ ತೊಳೆದ ಮೇಲೆ ಉಡಿ.