ಬಿಸಿಲಿಗೆ ಹಾಳಾದ ಕೃತಕ ಹುಲ್ಲುಹಾಸನ್ನು ದುರಸ್ತಿ ಮಾಡುವ ಬಗೆ

ಕೃತಕ ಹುಲ್ಲುಹಾಸಿನ ಎಳೆಗಳು ಒಂದೆಡೆ ಕರಗಿ ಮುದ್ದೆಯಾಗಿದ್ದರೆ ಅಥವಾ ಎರಡು ಹಾಸುಗಳು ಸೇರುವ ಅಂಚು ಬಾಯಿಬಿಟ್ಟಿದ್ದರೆ ಇಡೀ ಅಂಗಳದ ಹಾಸನ್ನು ಕಿತ್ತು ಹೊಸದನ್ನು ಹಾಕಬೇಕಾಗಿಲ್ಲ. ಹಾಳಾದಷ್ಟು ಭಾಗವನ್ನು ಮಾತ್ರ ಕತ್ತರಿಸಿ ತೆಗೆದು ಅಲ್ಲಿಗೆ ತೇಪೆ ಹಾಕಬಹುದು. ಆದರೆ ಬಿಸಿಲು ತೀವ್ರವಾಗಿರುವ ಪ್ರದೇಶಗಳಲ್ಲಿ ಈ ತೇಪೆ ಬಾಳಿಕೆ ಬರಬೇಕಾದರೆ ಹಾನಿಯ ಕಾರಣವನ್ನು ಮೊದಲೇ ನಿವಾರಿಸಬೇಕು, ಅಂಟಿಸುವ ಕೆಲಸಕ್ಕೆ ದಿನದ ಸರಿಯಾದ ಹೊತ್ತನ್ನೂ ಆರಿಸಿಕೊಳ್ಳಬೇಕು.

ಮನೆಯಂಗಳದ ಹಾಸುಗಳ ಎಳೆಗಳು ಬಹುಪಾಲು ಪಾಲಿಥಿಲೀನ್‌ನಿಂದ ಮಾಡಿದವು. ಅದು ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಡುಬೇಸಿಗೆಯ ನೇರ ಬಿಸಿಲಿನಲ್ಲಿ ಹಾಸಿನ ಮೇಲ್ಮೈ 60-70 ಡಿಗ್ರಿಗೆ ಏರಬಹುದಾದರೂ ಎಳೆಗಳು ಅಷ್ಟಕ್ಕೇ ಕರಗುವುದಿಲ್ಲ. ಆದ್ದರಿಂದ ಕರಗಿದ ಕಲೆ ಕಂಡರೆ ಅಲ್ಲಿಗೆ ಬೇರೆ ಕಡೆಯಿಂದ ಶಾಖ ಬಿದ್ದಿದೆ ಎಂದೇ ತಿಳಿಯಬೇಕು. ಕೆಂಡ ಬಿದ್ದ ಕಲೆ ಚಿಕ್ಕದಾಗಿ, ಗುಂಡಗೆ, ಅಂಚು ಕಪ್ಪಾಗಿರುತ್ತದೆ. ಉದ್ದನೆಯ ಪಟ್ಟಿಯಂತೆ ಎಳೆಗಳು ಸುರುಟಿಕೊಂಡಿದ್ದರೆ ಎದುರಿನ ಕಿಟಕಿಯನ್ನು ಗಮನಿಸಬೇಕು. ಶಾಖ ತಡೆಯುವ ಲೇಪನವಿರುವ ಜೋಡಿ ಗಾಜಿನ ಕಿಟಕಿಗಳಲ್ಲಿ, ಎರಡು ಗಾಜುಗಳ ನಡುವಿನ ಒತ್ತಡ ಕಡಿಮೆಯಾದಾಗ ಹೊರಗಾಜು ಕಣ್ಣಿಗೆ ಕಾಣದಷ್ಟು ಒಳಬಾಗಿ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸುತ್ತದೆ. ಸೂರ್ಯ ಚಲಿಸಿದಂತೆ ಆ ಪ್ರಖರ ಬೆಳಕು ಹಾಸಿನ ಮೇಲೆ ಸರಿಯುತ್ತ ಹೋಗುವುದರಿಂದ ಕಲೆಯೂ ಪಟ್ಟಿಯಾಗಿ ಮೂಡುತ್ತದೆ. ಕಿಟಕಿಯ ಹೊರಬದಿಗೆ ಜಾಲರಿ ಪರದೆ ಹಾಕಿ ಅಥವಾ ನೆರಳು ಕಟ್ಟಿ ಈ ಪ್ರತಿಫಲನವನ್ನು ತಡೆಯದೆ ತೇಪೆ ಹಾಕಿದರೆ ಅದೂ ಕರಗುತ್ತದೆ. ಒಳಗಿನಿಂದ ಪರದೆ ಎಳೆಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಬೆಳಕು ಹೊರಗಾಜಿನಿಂದಲೇ ಹಿಂದಿರುಗುತ್ತದೆ.

ಕೆಲಸ ಶುರುಮಾಡುವ ಮೊದಲು ಕಲೆಯಿಂದ ದೂರದ ಕೆಲವು ಎಳೆಗಳನ್ನು ಬೆರಳುಗಳ ನಡುವೆ ಹೊಸಕಿ ನೋಡಿರಿ. ಅವು ಪುಡಿಯಾಗಿ ಉದುರಿದರೆ ನೇರಳಾತೀತ ಕಿರಣಗಳಿಂದ ಇಡೀ ಹಾಸೇ ಜೀರ್ಣವಾಗಿದೆ ಎಂದರ್ಥ. ಅಂಥದ್ದಕ್ಕೆ ತೇಪೆ ಹಾಕುವುದು ವ್ಯರ್ಥ ಶ್ರಮ.

ತೇಪೆಗೆ ಅದೇ ಸುರುಳಿಯಲ್ಲಿ ಉಳಿದ ತುಂಡು ಸಿಕ್ಕರೆ ಒಳ್ಳೆಯದು. ಆದರೂ ಒಳಗಿಟ್ಟಿದ್ದ ತುಂಡಿನ ಹಸಿರು ಬಿಸಿಲಿನಲ್ಲಿ ಮಾಸಿದ ಹಾಸಿನ ನಡುವೆ ಎದ್ದು ಕಾಣುತ್ತದೆ. ಅಂಗಳದ ಯಾವುದೋ ಮೂಲೆಯಿಂದ ಬಣ್ಣ ಹೊಂದುವ ತುಂಡನ್ನು ಕತ್ತರಿಸಿ ತೇಪೆಗೆ ಬಳಸಿ, ಹೊಸ ತುಂಡನ್ನು ಆ ಮೂಲೆಗೆ ಹಾಕುವುದೇ ನನ್ನ ದೃಷ್ಟಿಯಲ್ಲಿ ಉತ್ತಮ, ಕೆಲಸ ಇಮ್ಮಡಿಯಾದರೂ ಸರಿಯೇ.

ಹಾಳಾದ ಜಾಗದಲ್ಲಿ ಎಳೆಗಳ ಬುಡಕ್ಕೆ ತುಂಬಿರುವ ಮರಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಹೀರಿ ತೆಗೆದು, ಕಲೆಯ ಸುತ್ತ ಚೌಕವಾಗಿ ಗುರುತು ಹಾಕಿರಿ. ಎಳೆಗಳನ್ನು ಬೆರಳಿನಿಂದ ಎರಡು ಬದಿಗೆ ಸರಿಸಿದರೆ ತಳಪದರದ ಮೇಲೆ ಹೊಲಿಗೆಯ ಸಾಲುಗಳು ಕಾಣುತ್ತವೆ. ಎರಡು ಸಾಲುಗಳ ನಡುವಿನ ಖಾಲಿ ಗೆರೆಯಲ್ಲಿಯೇ ಹರಿತವಾದ ಕಟರ್ ಚಲಿಸಬೇಕು. ಸಾಲಿನ ಮೇಲೆ ಅಲಗು ಹತ್ತಿದರೆ ಎಳೆಗಳು ಒಂದೊಂದಾಗಿ ಉದುರಿ ಅಂಚು ಬೋಳಾಗುತ್ತದೆ. ತೆಗೆದ ತುಂಡನ್ನು ತೇಪೆಯ ತುಂಡಿನ ಬೆನ್ನಿನ ಮೇಲೆ ಬೋರಲಾಗಿ ಇಟ್ಟು, ಎರಡರಲ್ಲಿಯೂ ಎಳೆಗಳು ವಾಲಿದ ದಿಕ್ಕು ಒಂದೇ ಆಗಿರುವಂತೆ ನೋಡಿಕೊಂಡು ಅದರ ಅಳತೆಗೇ ಕತ್ತರಿಸಿರಿ. ದಿಕ್ಕು ತಪ್ಪಿದರೆ ಬಣ್ಣ ಎಷ್ಟೇ ಹೊಂದಿದರೂ ತೇಪೆ ಬೇರೆಯಾಗಿಯೇ ಕಾಣುತ್ತದೆ. ತೆರೆದ ತಳದಲ್ಲಿ ಜಲ್ಲಿಪುಡಿ ಕುಸಿದಿದ್ದರೆ ಅದನ್ನು ತುಂಬಿ, ತುಸು ನೀರು ಚಿಮುಕಿಸಿ, ಗುದ್ದಿ ಸಮತಟ್ಟು ಮಾಡಿ ಒಣಗಲು ಬಿಡಿರಿ.

ಹಾಸು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ನಡುಮಧ್ಯಾಹ್ನ ಹಿಗ್ಗಿರುವಾಗ ಅಂಟಿಸಿದರೆ ರಾತ್ರಿ ಕುಗ್ಗುವಾಗ ಅಂಚುಗಳು ಪರಸ್ಪರ ದೂರಕ್ಕೆ ಎಳೆಯುತ್ತವೆ. ಚಳಿಯಲ್ಲಿ ಬಿಗಿಯಾಗಿ ಕೂಡಿಸಿದರೆ ಮಾರನೆಯ ಬಿಸಿಲಿಗೆ ಉಬ್ಬುತ್ತವೆ. ಅದೂ ಅಲ್ಲದೆ ಎರಡು ಭಾಗಗಳನ್ನು ಬೆರೆಸಿ ಬಳಸುವ ಪಾಲಿಯುರಿಥೇನ್ ಅಂಟು ಬಿಸಿ ಹೊತ್ತಿನಲ್ಲಿ ಹರಡಿ ಮುಗಿಸುವ ಮೊದಲೇ ಗಟ್ಟಿಯಾಗುತ್ತದೆ. ಆದುದರಿಂದ ಇಬ್ಬನಿ ಆರಿದ ಮೇಲಿನ ಬೆಳಗಿನ ಹೊತ್ತು ಅಥವಾ ಬಿಸಿಲಿಳಿದ ಸಂಜೆ ಈ ಕೆಲಸಕ್ಕೆ ತಕ್ಕದ್ದು. ತೇಪೆಯ ತುಂಡನ್ನು ಕೆಲವು ಗಂಟೆ ಮುಂಚೆಯೇ ಅಂಗಳದಲ್ಲಿ ಹರಡಿಟ್ಟರೆ ಎರಡೂ ಒಂದೇ ಉಷ್ಣತೆಗೆ ಬರುತ್ತವೆ.

ಜೋಡಣೆಯ ಟೇಪನ್ನು ಅರ್ಧ ಭಾಗ ಹಳೆಯ ಹಾಸಿನ ಕೆಳಗೆ, ಅರ್ಧ ಭಾಗ ತೇಪೆಯ ಕೆಳಗೆ ಬರುವಂತೆ ನಾಲ್ಕೂ ಬದಿಗೆ ಹಾಸಿ ಅದರ ಮೇಲೆ ಅಂಟನ್ನು ತೆಳುವಾಗಿ ಹರಡಿರಿ. ಅಂಚಿನ ಎಳೆಗಳು ಅಂಟಿನಲ್ಲಿ ಸಿಕ್ಕಿಕೊಳ್ಳದಂತೆ ಹಿಂದಕ್ಕೆ ಹಿಡಿದುಕೊಂಡು ತೇಪೆಯನ್ನು ಮೇಲಿನಿಂದ ನೇರವಾಗಿ ಇಳಿಸಬೇಕು. ಸೇರುವೆಯಲ್ಲಿ ಉಳಿಯುವ ಅಂತರ ಹಾಸಿನ ಇತರ ಸಾಲುಗಳ ನಡುವಿನಷ್ಟೇ ಇರಲಿ. ಅಂಚುಗಳ ಮೇಲೆ ಮರಳು ಚೀಲಗಳನ್ನು ಹೇರಿ ಒಂದು ಇಡೀ ದಿನ ಯಾರೂ ತುಳಿಯದಂತೆ ನೋಡಿಕೊಳ್ಳಿ. ಅಂಟಿನ ಡಬ್ಬಿಯ ಮೇಲೆ ಇನ್ನೂ ಹೆಚ್ಚು ಸಮಯ ಸೂಚಿಸಿದ್ದರೆ ಅದನ್ನೇ ಪಾಲಿಸಿರಿ.

ಬಾಯಿಬಿಟ್ಟ ಸೇರುವೆಗೂ ಕ್ರಮ ಇದೇ. ಹಳೆಯ ಅಂಟನ್ನು ಕೆರೆದು ತೆಗೆದು ಹೊಸ ಟೇಪ್ ಹಾಕಿದರಾಯಿತು. ಮಲಗಿದ ಎಳೆಗಳನ್ನು ಗಟ್ಟಿ ಪೊರಕೆಯಿಂದ ವಾಲಿದ ದಿಕ್ಕಿಗೆ ವಿರುದ್ಧವಾಗಿ ಗುಡಿಸಿ ಎಬ್ಬಿಸಬಹುದು.

ಅಂಟು ಪೂರ್ತಿ ಗಟ್ಟಿಯಾದ ಮೇಲೆ ಒಣಗಿದ ಸಿಲಿಕಾ ಮರಳನ್ನು ತುಸುತುಸುವೇ ಚೆಲ್ಲಿ, ಪ್ರತಿ ಬಾರಿಯೂ ಎಳೆಗಳ ಬುಡಕ್ಕೆ ಇಳಿಯುವಂತೆ ಗುಡಿಸಿರಿ. ಈ ಮರಳಿನ ಭಾರವೇ ಹಾಸನ್ನು ನೆಲಕ್ಕೆ ಒತ್ತಿಹಿಡಿದು ಅದರ ಹಿಗ್ಗು-ಕುಗ್ಗುಗಳನ್ನು ಹತೋಟಿಯಲ್ಲಿಡುವುದರಿಂದ ಸುತ್ತಲಿನ ಮಟ್ಟಕ್ಕೆ ಬರುವವರೆಗೆ ತುಂಬುವುದನ್ನು ನಿಲ್ಲಿಸಬಾರದು.