ಮೂಗಿನ ತುದಿಯಿಂದ ಶುರು

ಅಜ್ಜಿಯ ಮುಖವನ್ನು ತಾಮ್ರದಲ್ಲಿ ಕೆತ್ತುವ ಹುಚ್ಚು ನನಗೆ ಹಿಡಿದದ್ದು ಕ್ಲೋದ್ ಮೆಲಾಂನಿಂದ. ಈ ಫ್ರೆಂಚ್ ಕೆತ್ತನೆಗಾರ 1649ರಲ್ಲಿ ಕ್ರಿಸ್ತನ ಮುಖವನ್ನು ಒಂದೇ ಗೆರೆಯಲ್ಲಿ ಕೆತ್ತಿದ. ಮೂಗಿನ ತುದಿಯಲ್ಲಿ ಶುರುವಾದ ಗೆರೆ ಚಕ್ಕುಲಿ ಥರ ಸುತ್ತುತ್ತಾ ಅಂಚಿನವರೆಗೂ ಹೋಗುತ್ತದೆ. ನೆರಳಿದ್ದಲ್ಲಿ ದಪ್ಪ, ಬೆಳಕಿದ್ದಲ್ಲಿ ಸಣ್ಣ. ಕಣ್ಣು, ಗಡ್ಡ, ಮುಳ್ಳಿನ ಕಿರೀಟ ಎಲ್ಲ ಅದರಲ್ಲೇ.

ನಾನು ಅಂಗೈಯಗಲದ ತಗಡು ತಗೊಂಡೆ. ಕೆತ್ತುವ ಉಳಿಗೆ ಬ್ಯೂರಿನ್ ಅಂತಾರೆ. ಅದರ ಮರದ ಹಿಡಿ ಅಂಗೈಯೊಳಗೆ ಕೂರುತ್ತದೆ. ಹೆಚ್ಚುಕಮ್ಮಿ ಮಲಗಿಸಿ ತಳ್ಳಿದರೆ ಮುಂದೆ ತಾಮ್ರದ ಎಳೆ ಸುರುಳಿಯಾಗಿ ಏಳುತ್ತದೆ. ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದರೆ ಗೆರೆ ಆಳ, ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಅಚ್ಚಿನಲ್ಲಿ ದಪ್ಪ. ಉಳಿ ಹಿಡಿದ ಕೈ ಮಾತ್ರ ತಿರುಗಬಾರದು. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನೇ ಎಡಗೈಯಲ್ಲಿ ತಿರುಗಿಸಬೇಕು, ರೊಟ್ಟಿ ತಟ್ಟುವವರು ರೊಟ್ಟಿ ತಿರುಗಿಸಿದ ಹಾಗೆ. ಇದು ಕೈಗೆ ಹತ್ತೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಮೊದಲ ಅಚ್ಚಿನಲ್ಲಿ ಅಜ್ಜಿ ಇರಲೇ ಇಲ್ಲ, ಗ್ರಾಮಫೋನ್ ತಟ್ಟೆ ಇತ್ತು! ಹೆದರಿ ಎಲ್ಲ ಕಡೆ ಒಂದೇ ಆಳಕ್ಕೆ ಕೆತ್ತಿದ್ದೆ. ಅದೇ ಗೆರೆಯೊಳಗೆ ಮತ್ತೆ ಉಳಿ ಇಳಿಸಿ, ಕಣ್ಣಿನ ಗುಳಿ, ಗಲ್ಲದ ಕೆಳಗು ಆಳ ಮಾಡುತ್ತಾ ಹೋದೆ. ಆಗ ಮುಖ ಏಳತೊಡಗಿತು. ಅಷ್ಟರಲ್ಲಿ ಒಂದು ಸಂಜೆ ಉಳಿ ಜಾರಿ, ಕೆನ್ನೆಯಿಂದ ಕಿವಿವರೆಗೆ ಗೀರು. ಕೆರೆದು, ಉಜ್ಜಿ ನುಣುಪು ಮಾಡಿ, ತಗ್ಗಾದ ಜಾಗವನ್ನು ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಎತ್ತಿದೆ. ಗೊತ್ತಿದ್ದವರಿಗೆ ಈಗಲೂ ಕಾಣುತ್ತದೆ.

ನಿಜ ಹೇಳಬೇಕಂದ್ರೆ ಮೆಲಾಂನದು ಕಸರತ್ತು. ಮನುಷ್ಯರ ಮುಖಕ್ಕೆ ಅದೇ ಕಾಲದ ಇನ್ನೊಬ್ಬ ಫ್ರೆಂಚ್ ಕೆತ್ತನೆಗಾರ ರೋಬೇರ್ ನಾಂತೇಯ್‌ನೇ ಸರಿ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯನ್ನೇ ಎದುರಿಗೆ ಕೂರಿಸಿ ಬರೆದುಕೊಂಡವನು ಅವನು. ಚರ್ಮಕ್ಕೆ ಚುಕ್ಕಿ, ಮೋಟು ಗೆರೆ. ಕೂದಲಿಗೆ ಉದ್ದ ಗೆರೆ. ಲೂಯಿ 1660ರಲ್ಲಿ ಕೆತ್ತನೆಗಾರರನ್ನು ಕಸುಬುದಾರ ಸಂಘಗಳ ಕಟ್ಟಳೆಯಿಂದ ಬಿಡಿಸಿದ. ಅದರಲ್ಲೂ ನಾಂತೇಯ್‌ನ ಕೈವಾಡ ಇತ್ತು ಅಂತಾರೆ. ಆದರೆ ಕೈ ಪಳಗಬೇಕು ಅಂದ್ರೆ ಮೆಲಾಂ ದಾರಿಯೇ ಒಳ್ಳೆಯದು. ತಪ್ಪು ಮುಚ್ಚೋಕೆ ಅಲ್ಲಿ ಅಡ್ಡಗೆರೆಯೇ ಇಲ್ಲ, ಅಲ್ವಾ?

ಕೊನೆಗೆ ಶಾಯಿ ತುಂಬಿ, ಒರೆಸಿ, ಒದ್ದೆ ಕಾಗದ ಹಾಕಿ ಪ್ರೆಸ್ ಉರುಳಿಸಿದೆ. ಅಚ್ಚನ್ನು ಅಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅಮ್ಮನ ಮೂಗುತಿ ಬಲಗಡೆ ಅಲ್ವೇನೋ? ಇದ್ಯಾಕೆ ಎಡಕ್ಕೆ ಬಂತು?" ಅಂದರು. ತಗಡಿನಲ್ಲಿ ಬಲಕ್ಕಿದ್ದದ್ದು ಅಚ್ಚಿನಲ್ಲಿ ಎಡಕ್ಕೆ ಬರುತ್ತದೆ. ಗೊತ್ತಿದ್ದೂ ಮರೆತಿದ್ದೆ.

ಎರಡನೇ ತಗಡಿಗೆ ಫೋಟೋವನ್ನು ಕನ್ನಡಿಯಲ್ಲಿ ನೋಡಿಕೊಂಡು ಗೆರೆ ಎಳೆಯುತ್ತಿದ್ದೇನೆ.